ಬಾದಾಮಿ ಬಣ್ಣಕ್ಕೆ ಇಳಿಸಿದ ಜೋಳ

ಹುರಿದ ಜೋಳದ ವಾಸನೆ ಅದು. ಗ್ಲಾಸು ತುಟಿಗೆ ತಗಲುವ ಮೊದಲೇ ಮೂಗಿಗೆ ಬಂತು. ಕಳೆದ ತಿಂಗಳು ಪುಣೆಯಲ್ಲಿ, ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಮಾರುವ ಒಂದು ಜಾಗದಲ್ಲಿ ಕುಳಿತಿದ್ದೆ. ಗಾಜಿನ ಗೋಡೆಯ ಆಚೆ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಅದರ ಮಾಲೀಕ ನನಗೆ ಹಳೆಯ ಪರಿಚಯ. ಸಿರಿಧಾನ್ಯದ ಮಾತು ಎಲ್ಲೆಡೆ ಶುರುವಾದ ಮೇಲೆ ಗಿರಾಕಿಗಳು ಮತ್ತೆ ಜೋಳದ ಬಿಯರ್ ಕೇಳುತ್ತಿದ್ದಾರೆ, ರುಚಿ ನೋಡಿ ಹೇಳಿ ಎಂದು ಗ್ಲಾಸು ಇಟ್ಟಿದ್ದ.

ಎರಡು ಕಡೆ ಖಾತ್ರಿ ಮಾಡಿಕೊಳ್ಳದೆ ಒಂದು ಸಾಲೂ ಬರೆಯಬಾರದು ಎಂಬ ಕೆಲಸದಲ್ಲಿ ವಯಸ್ಸು ಕಳೆದವನು ನಾನು. ನೆನಪನ್ನು ಅಷ್ಟಾಗಿ ನಂಬುವುದಿಲ್ಲ. ಆದರೆ ಆ ವಾಸನೆಗೆ ಯಾರ ಖಾತ್ರಿಯೂ ಬೇಕಿರಲಿಲ್ಲ. ಸಂಖದಲ್ಲಿ ನಮ್ಮ ಎದುರುಮನೆ ಕಾಕು, ಅವರ ಕಬ್ಬಿಣದ ಬಾಣಲಿ...

ಆಗ ನಾನು ಸಾಂಗಲಿ ಕಡೆಯ ಕನ್ನಡದ ಊರು ಸಂಖದಲ್ಲಿದ್ದುಕೊಂಡು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಎದುರಿನ ಮನೆಯಲ್ಲಿ ಕಾಕಾ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅವರ ಹೆಂಡತಿ ಕಾಕು ಮೊಳಕೆ ಹಿಟ್ಟು ಮಾಡುತ್ತಿದ್ದರು. ಹಿಂಗಾರಿನ ಬಿಳಿಜೋಳವನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಗೋಣಿತಾಟು ಹೊದಿಸಿ ಇಡುವುದು. ಮೊಳಕೆ ಒಡೆದ ಮೇಲೆ ಮಾಳಿಗೆಯ ಮೇಲೆ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆಯ ಬಾಲವೆಲ್ಲ ಉದುರಿಸಿ ಕೇರುವುದು. ಬಾಲ ಒಂದೂ ಉಳಿಯಬಾರದು, ಉಳಿದರೆ ಕೂಸಿನ ಹೊಟ್ಟೆ ಕೆಡುತ್ತದೆ ಎನ್ನುತ್ತಿದ್ದರು. ಆಮೇಲೆ ಸಣ್ಣ ಉರಿಯಲ್ಲಿ ಹುರಿಯುವುದು. ಕಾಳು ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬಂದ ಗಳಿಗೆಯಲ್ಲಿ ಬಾಣಲಿ ಕೆಳಗಿಳಿಯಬೇಕು. ಆ ಗಳಿಗೆಯನ್ನು ಅವರು ನೋಡಿ ತಿಳಿಯುತ್ತಿದ್ದರೋ, ಮೂಸಿ ತಿಳಿಯುತ್ತಿದ್ದರೋ, ನನಗೆ ಗೊತ್ತಾಗಲಿಲ್ಲ.

ಊರಿನ ಕೂಸುಗಳು, ಬಾಣಂತಿಯರು, ಜ್ವರ ಬಿಟ್ಟು ಎದ್ದವರು, ಎಲ್ಲರಿಗೂ ಆ ಹಿಟ್ಟಿನ ಅಂಬಲಿಯೇ. ಸುತ್ತಲಿನ ಊರುಗಳಾದ ಬೆಳುಂಕಿಯಿಂದ, ದರಿಬಡಚಿಯಿಂದಲೂ ಬಂದು ಒಯ್ಯುತ್ತಿದ್ದರು. ಹದ ನೋಡಲು ಕಾಕು ಆಗಾಗ ನನ್ನನ್ನು ಕೂಗುತ್ತಿದ್ದರು. ಎರಡು ಬಟ್ಟಲು ಮುಂದಿಟ್ಟು ಯಾವುದು ಚಲೋ ಎಂದು ಕೇಳಿದರೆ ನಾನು ಎರಡೂ ಚಲೋ ಎನ್ನುತ್ತಿದ್ದೆ.

“ಪೇಪರಿನ್ಯಾಗೂ ಹಿಂಗs ಬರೀತೀಯೇನು, ತಮ್ಮಾ? ಇವರೂ ಚಲೋ, ಅವರೂ ಚಲೋ?” ಎಂದು ಒಮ್ಮೆ ಕೇಳಿದ್ದರು. ಗಿರಣಿಯ ಬಾಗಿಲಲ್ಲಿ ನಿಂತಿದ್ದ ಕಾಕಾ ಹಿಟ್ಟಿನ ಮುಖದಲ್ಲೇ ನಕ್ಕಿದ್ದರು.

ಪುಣೆಯ ಈ ಮಾಲೀಕ ಆಗ ತರುಣ. ನಮ್ಮ ಕಡೆಯ ಜೋಳ ಹುಡುಕಿಕೊಂಡು ಬಂದಿದ್ದ. ಎಲ್ಲರೂ ಒಂದೇ ಕಡೆಯಿಂದ ಬಾರ್ಲಿ ತರಿಸುತ್ತಾರೆ, ಎಲ್ಲರ ಬಿಯರೂ ಒಂದೇ ಥರ ಇರುತ್ತದೆ, ಬೇರೆ ಯಾರಲ್ಲೂ ಇಲ್ಲದ ರುಚಿ ತನಗೆ ಬೇಕು ಎಂದು ಮರಾಠಿಯಲ್ಲಿ ಹೇಳಿದ. ನಮ್ಮ ಮನೆಯಲ್ಲಿ ಅವನಿಗೆ ಕಾಕುವಿನ ಹಿಟ್ಟಿನ ಅಂಬಲಿ ಕೊಟ್ಟೆವು. ಅರ್ಧ ಕುಡಿದವನು ಲೋಟ ಕೆಳಗಿಟ್ಟ. ಇದನ್ನು ಮಾಡಿದವರನ್ನು ತೋರಿಸಿ ಎಂದ. ಆ ಸಂಜೆಯೇ ಎದುರುಮನೆಗೆ ಕರೆದುಕೊಂಡು ಹೋದೆ.

ಹಿಟ್ಟು ಬೇಡ, ಹುರಿದ ಕಾಳೇ ಬೇಕು, ಚೀಲಗಟ್ಟಲೆ ಬೇಕು ಎಂದ. ಕಾಕುಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೆ ಅವನು ತನ್ನ ಕಾರಖಾನೆಯ ಮಾತು ಬಂದಾಗಲೆಲ್ಲ ಇಂಗ್ಲಿಷಿಗೆ ಹೊರಳುತ್ತಿದ್ದ. ಅವರು ನನ್ನ ಕಡೆ ತಿರುಗಿ ಏನು ಮಾಡುತ್ತಾರೆ ಎಂದು ಕೇಳಿದರು. ಕುಡಿಯುವ ಪದಾರ್ಥ ಮಾಡುತ್ತಾರೆ ಎಂದೆ. “ಜ್ವರಾ ಬ್ಯಾನಿ ಬಿದ್ದ ಮಂದಿಗೇನು?” ಎಂದರು. ನಾನು ಎಷ್ಟು ಚೀಲ ಎಂಬುದಕ್ಕೆ ಮಾತು ಹೊರಳಿಸಿದೆ.

ಕಾಕು ಕೊರಳಲ್ಲಿ ಲಿಂಗ ಕಟ್ಟಿದವರು, ದಿನದ ಪೂಜೆ ಆಗದೆ ನೀರು ಮುಟ್ಟದವರು. ಬಿಯರಿಗೆ ಎಂದರೆ ಒಲ್ಲೆ ಎನ್ನುತ್ತಾರೆ, ಇಂಥ ಕೈಗುಣ ಊರಲ್ಲೇ ಉಳಿದುಹೋಗುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಸುದ್ದಿಯಲ್ಲಿ ಮುಖ್ಯ ಸಂಗತಿಯೊಂದನ್ನು ಯಾರಾದರೂ ಬಿಟ್ಟರೆ ಕೆಂಪು ಗೆರೆ ಹೊಡೆಯುವವನು ಆ ದಿನ ಅದನ್ನೇ ಬಿಟ್ಟೆ.

ಮೊದಲ ಚೀಲಗಳು ಹೋದ ದಿನ ಕಾಕಾ, “ನಿನ್ನ ಜ್ವಾಳ ನಿನಗಿಂತ ಮದಲ ಪುಣೆ ನೋಡ್ತು ನೋಡು,” ಎಂದು ಹೆಂಡತಿಯನ್ನು ಕೆಣಕಿದ್ದರು. ಕಾಕು ಖುಷಿಯಲ್ಲಿದ್ದರು. ತಮ್ಮ ಹದ ದೂರದವರಿಗೂ ಹಿಡಿಸಿತಲ್ಲ ಎಂಬ ಖುಷಿ ಅದು.

ಆರೇಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತರುಣ ಮತ್ತೆ ಬಂದ. ಕಾಕು ಕಟ್ಟೆಯ ಮೇಲೆ ಹಿಟ್ಟು ಅಳೆಯುತ್ತಿದ್ದರು. ಓಣಿಯ ಇಬ್ಬರು ಹೆಣ್ಣುಮಕ್ಕಳು ಡಬ್ಬಿ ಹಿಡಿದು ಕುಳಿತಿದ್ದರು. ಅವರಲ್ಲಿ ಒಬ್ಬಳು ಗಿರಣಿಯ ಹಿಂದಿನ ಮುಸ್ಲಿಂ ಮನೆಯ ಸೊಸೆ, ತೊಡೆಯ ಮೇಲೆ ಕೂಸು. ತರುಣ ಚೀಲದಿಂದ ಒಂದು ಬಾಟಲಿ ತೆಗೆದು ದೇವರ ಮುಂದೆ ಇಡುವಂತೆ ಎರಡೂ ಕೈಯಿಂದ ಕಾಕುವಿನ ಮುಂದೆ ಇಟ್ಟ. ಅದರ ಚೀಟಿಯ ಮೇಲೆ ತಲೆಯ ಮೇಲೆ ಸೆರಗು ಹೊದ್ದ ಕಾಕುವಿನ ಮುಖ, ಕೆಳಗೆ ಬಾಣಲಿ, ಅದರ ಕೆಳಗೆ ಊರಿನ ಹೆಸರು. ಮೊದಲ ಸಲ ಬಂದಾಗ ತೆಗೆದ ಫೋಟೊ ನೋಡಿ ಬರೆಸಿದ ಚಿತ್ರ. ಅವನ ಮಟ್ಟಿಗೆ ಅದು ಗೌರವ. ಅದರಲ್ಲಿ ಕಪಟವೇನೂ ಇರಲಿಲ್ಲ.

ಕಾಕು ಇಂಗ್ಲಿಷ್ ಅಕ್ಷರದ ಮೇಲೆ ಬೆರಳಿಟ್ಟು ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಇಬ್ಬರು ಹೆಣ್ಣುಮಕ್ಕಳೂ ನನ್ನನ್ನೇ ನೋಡುತ್ತಿದ್ದರು. ಅವರ ಡಬ್ಬಿಗೆ ಅಳೆಯುತ್ತಿದ್ದ ಹಿಟ್ಟು ಅದೇ ಬಾಣಲಿಯದು, ಸಂಜೆ ಕೂಸಿನ ಬಾಯಿಗೆ ಹೋಗುವುದು. ನಾನು ಇದ್ದದ್ದನ್ನು ಓದಿದೆ. ಇದು ದಾರು, ಅಮಲಿನದು ಎಂದೂ ಹೇಳಿದೆ.

ಕಾಕು ಅಳೆಯುವ ಸೇರನ್ನು ಕೆಳಗಿಟ್ಟರು. ಆಮೇಲೆ ಬಾಟಲಿ ತೆರೆ ಎಂದು ತರುಣನಿಗೆ ಕೈಸನ್ನೆ ಮಾಡಿದರು. ತೆರೆದ. ಮುಟ್ಟದೆ, ದೂರದಿಂದಲೇ ಬಾಗಿ ಮೂಸಿದರು.

“ಜ್ವಾಳ ಹೊತ್ತೈತಿ. ನಾ ಕೊಟ್ಟಾಗ ಹಿಂಗ ಇದ್ದಿಲ್ಲ.”

ತರುಣ ತಲೆ ತಗ್ಗಿಸಿದ. ಬಣ್ಣ ಗಾಢವಾಗಲೆಂದು ತಾನು ಇನ್ನೊಮ್ಮೆ ಹುರಿದದ್ದಾಗಿ ಒಪ್ಪಿಕೊಂಡ. ಕಾಕು ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ.

“ನೀ ಮದಲs ಹೇಳಬೇಕಾಗಿತ್ತು, ತಮ್ಮಾ. ಹೂಂ ಅನ್ನೂದೋ ಒಲ್ಲೆ ಅನ್ನೂದೋ, ಅದು ನನ್ನ ಮಾತಿತ್ತು.”

ನಾನು ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ತಾವಾಗಿಯೇ ಹೇಳಿದರು: ಕೇಳಿದಿರಲ್ಲ, ಮನಸ್ಸಿಗೆ ಬಂದರೆ ಒಯ್ಯಿರಿ, ಬರದಿದ್ದರೆ ಬಿಡಿರಿ. ಒಬ್ಬಳು ಡಬ್ಬಿಯ ಹಿಟ್ಟನ್ನು ತಿರುಗಿ ಕಾಕುವಿನ ಹಿಟ್ಟಿನ ಪರಾತಕ್ಕೆ ಸುರಿದು ಎದ್ದು ಹೋದಳು. ಇನ್ನೊಬ್ಬಳು ಕೂಸನ್ನು ಇನ್ನೊಂದು ತೊಡೆಗೆ ಹಾಕಿಕೊಂಡು, “ನಮಗ ಹಿಟ್ಟ ಅಳೀರಿ ಕಾಕೂ. ಬಾಟ್ಲಿ ಪುಣೇದವರು ಕುಡೀಲಿ,” ಎಂದಳು. ಕಾಕು ಅಳೆದರು.

ಅವರು ಕೆಲಸ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ನಮ್ಮ ಜೋಳ ಮನೆ ಬಿಟ್ಟ ಮೇಲೆ ಎಲ್ಲೆಲ್ಲಿ ಹೋಗುತ್ತದೆ ಎಂದು ಕಾಯುತ್ತಾ ಕೂಡಲು ಆಗುತ್ತದೆಯೇ ಎಂದರು. ಆದರೆ ಪುಣೆಯ ಕಾಳಿಗೆ ಬೇರೆ ಬಾಣಲಿ, ಬೇರೆ ಮೊರ, ಬೇರೆ ಒಲೆ ಮಾಡಿದರು. ಮನೆ ಮನೆಗೆ ತಾವೇ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬಂದರು. ಒಂದಷ್ಟು ಮನೆಗಳು ಹಿಟ್ಟು ಒಯ್ಯುವುದನ್ನು ಬಿಟ್ಟವು. ಹೆಚ್ಚಿನವು ಒಂದು ಮಳೆಗಾಲ ಕಳೆಯುವುದರೊಳಗೆ ತಿರುಗಿ ಬಂದವು. ಡಬ್ಬಿ ಸುರಿದು ಹೋದವಳು ಮಾತ್ರ ಬರಲಿಲ್ಲ. ತರುಣನಿಗೆ ಕಾಕು ಹಾಕಿದ ಕರಾರು ಒಂದೇ, ತಮ್ಮ ಮುಖ ಬಾಟಲಿಯ ಮೇಲೆ ಬೇಡ. ಅವನು ತೆಗೆಸಿದ.

ಮುಂದಿನ ವರ್ಷ ಊರಿನವರ ನಾಲಗೆ ಬದಲಾಗಲಿಲ್ಲ, ಪುಣೆಯವರದು ಬದಲಾಯಿತು. ಈಗ ಕಾಫಿಯಂಥ ಕಪ್ಪು ಬಿಯರ್ ನಡೆಯುತ್ತಿದೆ, ಕಾಳು ಕಪ್ಪಗೆ ಹುರಿದು ಕೊಡಿ ಎಂದು ತರುಣ ಕೇಳಿದ. ಕಾಕು ಮೊದಲ ಬಾಣಲಿಯ ಕಾಳನ್ನು ಹೊತ್ತಿ ಹಾಳಾಯಿತೆಂದು ಎತ್ತಿಗೆ ಹಾಕಿಸಿದರು. ಅದೇ ಸರಿಯಾದ ಬಣ್ಣ ಎಂದು ಆಮೇಲೆ ತಿಳಿಯಿತು. ಹೊತ್ತಿಸಿದ್ದನ್ನು ದುಡ್ಡು ಕೊಟ್ಟು ಕುಡಿಯುತ್ತಾರೆಯೇ ಎಂದು ಕೇಳುತ್ತಲೇ ಹುರಿದು ಕೊಟ್ಟರು. ಮರುವರ್ಷ ಹುರಿಯದ ಕಾಳು ಬೇಕೆಂದ. ಅದರ ಮರುವರ್ಷ ಹುಳಿ ಬಿಯರಿನ ಕಾಲ ಬಂತು, ಅದಕ್ಕೆ ದಾಳಿಂಬೆ ಹಾಕುತ್ತಾರಂತೆ. ನಮ್ಮ ತಾಲೂಕಿನ ದಾಳಿಂಬೆಯೇ ಹೋಯಿತು, ಜೋಳ ನಿಂತಿತು. ಇನ್ನು ಬೇಡ ಎಂದು ಹೇಳಲು ಅವನು ಕಾಕುಗೆ ಫೋನು ಮಾಡಲಿಲ್ಲ, ನನಗೆ ಮಾಡಿದ. ಫೋನು ಇಟ್ಟವನೇ ಚಪ್ಪಲಿ ಹಾಕಿಕೊಂಡು ಎದುರುಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

“ಈ ಸಲ ಲಗೂನ ಹೇಳಿದಿ,” ಎಂದರು ಕಾಕು. ಪುಣೆಯ ಬಾಣಲಿಯನ್ನು ತೊಳೆದು ಬೋರಲು ಹಾಕಿದರು.

ಅವರು ತೀರಿಕೊಂಡು ಈಗ ಎರಡು ವರ್ಷ. ನಾನು ಸಾಂಗಲಿಯಲ್ಲಿದ್ದೆ. ಸುದ್ದಿ ನನಗೆ ತಡವಾಗಿ ತಲುಪಿತು.

ಪುಣೆಯಲ್ಲಿ ಗ್ಲಾಸು ಇನ್ನೂ ಅರ್ಧ ಉಳಿದಿತ್ತು. ಹೇಗಿದೆ ಎಂದು ಮಾಲೀಕ ಕೇಳಿದ. ಹೊತ್ತಿದೆ ಎಂದೆ. ಅವನು ಒಪ್ಪಿಕೊಂಡ, ಆ ಹದ ಯಾರಿಗೂ ಬರುತ್ತಿಲ್ಲ ಎಂದ. ಆಮೇಲೆ ತಾನು ಕರೆಸಿದ್ದರ ಕಾರಣ ಹೇಳಿದ. ಕಾಕುವಿನ ಹಳೆಯ ಚಿತ್ರ ತನ್ನ ಬಳಿ ಇದೆ. ಈ ಬಿಯರಿಗೆ ಅವರದೇ ಹೆಸರಿಟ್ಟು, ಗೋಡೆಯ ಮೇಲೆ ಆ ಮುಖ ಹಾಕಿ, ಕೆಳಗೆ ನನ್ನಿಂದ ನಾಲ್ಕು ಸಾಲು ಬರೆಸಬೇಕು. ಅವರು ಈಗ ಇಲ್ಲವಲ್ಲ, ಬೇಡ ಎನ್ನಲು ಯಾರಿದ್ದಾರೆ ಎಂದ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅವನ ಕಣ್ಣು ತುಂಬಿತ್ತು.

ನಾನು ಅಲ್ಲಿಂದಲೇ ಕಾಕಾಗೆ ಫೋನು ಹಚ್ಚಿದೆ. ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವರು ಗಿರಣಿ ನಿಲ್ಲಿಸಿದರು. ದಾರುವಿನ ಮಾತು, ಕಾಕಾ, ಎಂದು ಮೊದಲು ಹೇಳಿ ಉಳಿದದ್ದನ್ನು ಆಮೇಲೆ ಹೇಳಿದೆ.

“ಆಕಿ ಇದ್ದಿದ್ರ ಏನ್ ಅಂತಿದ್ಲು? ನಿನಗೇನರ ಗೊತ್ತೈತೇನೊ?”

“ಇಲ್ರಿ ಕಾಕಾ.”

“ನನಗೂ ಗೊತ್ತಿಲ್ಲ. ಹಂಗಾರ ಬ್ಯಾಡ ಅನ್ನು.”

ಗಿರಣಿ ಮತ್ತೆ ಶುರುವಾಯಿತು. ಬೇಡವಂತೆ ಎಂದು ಮಾಲೀಕನಿಗೆ ಹೇಳಿದೆ. ಯಾಕೆ ಎಂದು ಅವನು ಕೇಳಿದ. ಕಾಕುವನ್ನೇ ಕೇಳಿ ಬರೋಣವೆಂದರೆ ಅವರಿಲ್ಲ, ಅದಕ್ಕೆ ಎಂದೆ.