ಅರ್ಧನೂಲು ಮಾಡಿದ ಗಿಟಾರು

ನನ್ನ ಭಾವನಿಗೆ ನಮ್ಮ ಕಾರ್ಖಾನೆಯಲ್ಲಿ ಅರ್ಧನೂಲು ಅಂತ ಅಡ್ಡಹೆಸರು. ಬಡಗಿಗಳ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. ಅದರಲ್ಲಿ ಅರ್ಧ ಹೆಚ್ಚುಕಡಿಮೆಯಾದರೂ ಭಾವ ಬಾಗಿಲನ್ನು ಹಿಂದಕ್ಕೆ ತಳ್ಳುತ್ತಿದ್ದ. ಸುಮ್ಮನೆ ತಳ್ಳುತ್ತಿರಲಿಲ್ಲ, ಹತ್ತು ಜನ ಸೇರುವವರೆಗೆ ಕಾದು, ಮಾಡಿದವನ ನೀರಿಳಿಸಿ ಆಮೇಲೆ ತಳ್ಳುತ್ತಿದ್ದ. ಆ ಹತ್ತು ಜನರ ನಡುವೆ ತಲೆ ತಗ್ಗಿಸಿ ಹೆಚ್ಚು ಸಲ ನಿಂತವನು ನಾನು. ಅವನ ಹೆಂಡತಿಯ ತಮ್ಮ, ಹನ್ನೊಂದು ವರ್ಷದಿಂದ ಅವನ ಗರಗಸದ ಮೆಷಿನ್ನಿನ ಆಚೆ ಬದಿಯಲ್ಲಿ ಹಲಗೆ ಹಿಡಿಯುವವನು. ಎದುರಿಗೆ ನೀವು, ತಾವು ಅನ್ನುತ್ತಿದ್ದೆ. ಮನಸ್ಸಿನಲ್ಲಿ ಅವನು, ಇವನು. ಇಲ್ಲಿ ಬರೆಯುವಾಗ ಮನಸ್ಸಿನ ಮಾತೇ ಇರಲಿ.

ಭಾವನ ಒಂದು ನಿಯಮ ಇತ್ತು. ಟೇಪಿನ ತುದಿಯ ಕೊಕ್ಕೆಯನ್ನು ಯಾರೂ ನಂಬಬಾರದು. ಬಿದ್ದು, ಬಾಗಿ, ಸಡಿಲವಾಗಿ ಅದು ಸುಳ್ಳು ಹೇಳುತ್ತದೆ. ಆದ್ದರಿಂದ ಹಿಡಿಯುವವನು ಒಂದು ಇಂಚಿನ ಗೆರೆಯನ್ನು ಮರದ ಅಂಚಿಗೆ ಹಿಡಿಯಬೇಕು, ಗುರುತು ಹಾಕುವವನು ಬೇಕಾದ ಅಳತೆಗೆ ಒಂದು ಇಂಚು ಕೂಡಿಸಿಕೊಂಡು ಗುರುತು ಹಾಕಬೇಕು. ಇಡೀ ಕಾರ್ಖಾನೆ ಹಾಗೆಯೇ ಅಳೆಯುತ್ತಿತ್ತು. ಹೊಸಬರು ಬಂದರೆ ಮೊದಲ ದಿನವೇ ಭಾವ ಅವರ ಮುಖದ ಮುಂದೆ ಟೇಪು ಎಳೆದು, "ಎಲ್ಲಿಂದ ಹಿಡೀತೀಯ?" ಅಂತ ಕೇಳುತ್ತಿದ್ದ. ತುದಿಯಿಂದ ಅಂದವನಿಗೆ ಅವತ್ತಿಡೀ ಹೊಟ್ಟು ಗುಡಿಸುವ ಕೆಲಸ.

ಅಕ್ಕನ ಮಗಳು ಹಾಡುತ್ತಾಳೆ. ನಾಲ್ಕು ಜನ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭದಲ್ಲಿ ಹಾಡಲು ಮಾಲೀಕರು ಅವರನ್ನು ಕರೆದರು. ಅಷ್ಟರಲ್ಲಿ ದಪ್ಪ ಸ್ವರದ ಬಾಸ್ ಗಿಟಾರ್ ನುಡಿಸುವವನು ಬೇರೆ ಊರಿಗೆ ಹೋದ. ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ನೇರವಾಗಿ ಅಪ್ಪನ ಮುಖ ನೋಡಿ ಕೇಳಿದಳು.

"ಅಪ್ಪ, ಮದುವೆಗೆ ಮುಂಚೆ ನೀನು ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸ್ತಿದ್ದೆ ಅಂತ ಅಮ್ಮ ಹೇಳ್ತಾಳೆ. ನಮಗೂ ನುಡಿಸ್ತೀಯಾ?"

ಭಾವ ತುತ್ತನ್ನು ತಟ್ಟೆಗೆ ಇಳಿಸಿದ. ಆಮೇಲೆ, "ಅಂಗಡಿ ಗಿಟಾರು ನನ್ನ ಕೈಗೆ ಒಗ್ಗಲ್ಲ. ನಾನೇ ಮಾಡ್ಕೋತೀನಿ," ಅಂದ. ಮಗಳ ಮುಖ ಅರಳಿತು. ಆ ಮನುಷ್ಯ ಮಗಳಿಗೆ ಮಾತ್ರ ಮೆತ್ತಗೆ, ಮಿಕ್ಕವರಿಗೆಲ್ಲ ಉಳಿ.

ಮಾಡಿದ್ದು ಅವರ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ. ಸಹಾಯಕ್ಕೆ ನಾನೇ, ಇನ್ಯಾರು ಸಿಗುತ್ತಾರೆ ಬಿಟ್ಟಿಗೆ. ಗುಂಪಿನ ಹಳೆಯ ಬಾಸ್ ಒಂದು ಬಿದ್ದು ಹೊಟ್ಟೆ ಸೀಳಿಹೋಗಿತ್ತು, ಕತ್ತು ಮಾತ್ರ ಉಳಿದಿತ್ತು. ಅದರ ಮೇಲೆ ಸ್ವರದ ಜಾಗ ತೋರಿಸುವ ಲೋಹದ ಮೆಟ್ಟಿಲುಗಳು ಸವೆದು ಗುಳಿ ಬಿದ್ದಿದ್ದವು. ಭಾವ ಇಕ್ಕಳದಲ್ಲಿ ಒಂದೊಂದಾಗಿ ಇಪ್ಪತ್ತನ್ನೂ ಕಿತ್ತ, ಒಂದು ಚಕ್ಕೆ ಏಳದ ಹಾಗೆ. ಕಿತ್ತ ಸೀಳುಗಳಿಗೆ ಬಿಳಿ ಮರದ ತೆಳು ಪಟ್ಟಿ ಕೂರಿಸಿ, ಉಜ್ಜಿ, ಎಣ್ಣೆ ಹಚ್ಚಿದ. ಈಗ ಮೆಟ್ಟಿಲಿಲ್ಲ, ಮೆಟ್ಟಿಲಿದ್ದ ಕಡೆ ಬಿಳಿ ಗೆರೆ ಇದೆ. ಬೆರಳು ಸರಿಯಾಗಿ ಗೆರೆಯ ಮೇಲೆ ಬಿದ್ದರೆ ಸ್ವರ ಸರಿ. ಹಿಂದೆ ಅವನು ನುಡಿಸುತ್ತಿದ್ದದ್ದೂ ಮೆಟ್ಟಿಲಿಲ್ಲದ್ದೇ ಅಂತೆ. ಮೈಗೆ ಹಳೆಯ ಬಾಗಿಲಿನ ಎರಡಿಂಚಿನ ಹಲಗೆ. ಬೀಗದ ತೂತು ಇದ್ದ ಕಡೆ ಗುಂಡಿ ಕೊರೆದು ವೈರು ಹಾಯಿಸಿದ. ಬಿರಡೆ, ತಂತಿ, ತಂತಿಯ ಸದ್ದು ಹಿಡಿಯುವ ಪಿಕಪ್ಪು ಎಲ್ಲ ಹಳೇ ಸಾಮಾನಿನ ಅಂಗಡಿಯದ್ದು. ಕೆಲಸ ಮಾತ್ರ ನೋಡುವ ಹಾಗಿತ್ತು, ಅದನ್ನು ಇಲ್ಲ ಅನ್ನಲಾರೆ.

ಕೊನೆಗೆ ಉಳಿದದ್ದು ಕುದುರೆ. ತಂತಿಗಳು ಕೆಳಗಡೆ ಆತುಕೊಳ್ಳುವ ಲೋಹದ ತುಂಡು. ಅದು ಕೂರುವ ಜಾಗದ ಮೇಲೇ ಎಲ್ಲ ನಿಂತಿದೆ. ಮೇಲ್ತುದಿಯಲ್ಲಿ ತಂತಿಗಳು ಆತುಕೊಳ್ಳುವ ಮೂಳೆಪಟ್ಟಿಯಿಂದ ಸರಿಯಾಗಿ ಮೂವತ್ನಾಲ್ಕು ಇಂಚಿಗೆ ಕೂತರೆ ಗೆರೆಗಳೆಲ್ಲ ನಿಜ. ಇಲ್ಲದಿದ್ದರೆ ಇಪ್ಪತ್ತೂ ಸುಳ್ಳು.

ನಾನು ಮೇಲ್ತುದಿಯಲ್ಲಿದ್ದೆ, ಭಾವ ಕೆಳಗೆ ಬಗ್ಗಿದ್ದ. ಕತ್ತು ಅಲುಗದಂತೆ ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಆ ಮೂಳೆಪಟ್ಟಿಗೆ ಟೇಪಿನ ಕೊಕ್ಕೆ ತಾನಾಗಿ ಕಚ್ಚಿಕೊಂಡಿತು. ನಾನು ಹೇಳಿದೆ, ಇವತ್ತಿಗೂ ಆಣೆ ಮಾಡುತ್ತೇನೆ, ಬಾಯಿಬಿಟ್ಟು ಹೇಳಿದೆ: "ಭಾವ, ಒಂದರಿಂದ ಹಿಡಿಯೋಕೆ ಆಗ್ತಿಲ್ಲ, ತುದಿಯಿಂದಾನೇ ಸಿಕ್ಕಿಸಿದ್ದೀನಿ."

ಭಾವ ತಲೆ ಎತ್ತದೆ ಮೂವತ್ತೈದರಲ್ಲಿ ಪೆನ್ಸಿಲ್ ಗುರುತು ಹಾಕಿದ. ಮೂರು ಸಲ ಅಳೆದ. ಮೂರು ಸಲವೂ ಕೊಕ್ಕೆ ಅಲ್ಲೇ ಇತ್ತು. ಅಳತೆಯ ವಿಷಯದಲ್ಲಿ ಅವನಿಗೆ ಎದುರಾಡಿ ಹನ್ನೊಂದು ವರ್ಷದಲ್ಲಿ ಯಾರಿಗೂ ಒಳ್ಳೆಯದಾಗಿರಲಿಲ್ಲ. ಏನೋ ಲೆಕ್ಕ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ. ತೂತು ಕೊರೆದು ನಾಲ್ಕು ಸ್ಕ್ರೂ ಬಿಗಿದ.

ಆ ಲೆಕ್ಕದ ಸುಳಿವು ಸಿಕ್ಕಿದ್ದು ತಂತಿ ಕಟ್ಟಿದ ದಿನ. ಭಾವ ಗಿಟಾರಿನ ಮೇಲ್ಗಡೆಯ ಕೊಂಬಿಗೆ ಗದ್ದ ಒತ್ತಿಕೊಂಡು, ಕಣ್ಣು ಮುಚ್ಚಿ ದಪ್ಪ ತಂತಿ ಮೀಟುತ್ತಿದ್ದ. ನಾನು ಹಿಂದಿನಿಂದ ಬಂದು, "ಭಾವ, ಕಾಫಿ," ಅಂದೆ. ಮತ್ತೆ ಅಂದೆ. ಮೂರನೇ ಸಲ ಲೋಟವನ್ನು ಹಲಗೆಯ ಮೇಲೆ ಕುಟ್ಟಿದೆ. ಕುಟ್ಟಿದ ಅದುರಿಗೆ ತಿರುಗಿದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು, ನನಗೆ ಗೊತ್ತಾಗಿದೆ ಅಂತ.

ನನ್ನ ಮಣಿಕಟ್ಟು ಹಿಡಿದುಕೊಂಡ. "ಎರಡು ವರ್ಷ ಆಯ್ತು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತೀನಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನ್ನ ಅಕ್ಕನಿಗೂ ಗೊತ್ತಿಲ್ಲ."

ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಕಿವಿ ಕೇಳುತ್ತಿದ್ದ ಕಾಲದಲ್ಲೂ ಅವಳಿಗೆ ಅವನು ಉತ್ತರ ಕೊಟ್ಟವನಲ್ಲ. ಕಾರ್ಖಾನೆಯಲ್ಲಿ ಆ ಮೆಷಿನ್ನಿನ ಗದ್ದಲದಲ್ಲಿ ಎಲ್ಲರದೂ ಕೈಸನ್ನೆ, ಕಣ್ಸನ್ನೆ. ಆದರೆ ಮಾಲೀಕರ ಕಟ್ಟಪ್ಪಣೆ ಒಂದಿತ್ತು. ಹಿಂದೊಮ್ಮೆ ಒಬ್ಬ, ಹಿಂದಿನಿಂದ ಕೂಗಿದ್ದು ಕೇಳಿಸದೆ ಗರಗಸಕ್ಕೆ ಮೂರು ಬೆರಳು ಕೊಟ್ಟ. ಅವತ್ತಿನಿಂದ ಕಿವಿ ಮಂದವಾದವರು ಮೆಷಿನ್ನಿನ ಹತ್ತಿರ ಸುಳಿಯುವಂತಿಲ್ಲ. ಹಿಂದಿನ ಶೆಡ್ಡಿನಲ್ಲಿ ಕೂತು ಸ್ಯಾಂಡ್‌ಪೇಪರ್ ಉಜ್ಜಬೇಕು. ಭಾವನಿಗೆ ಗರಗಸ ಬಿಟ್ಟರೆ ಬದುಕಿಲ್ಲ. ಆ ಶೆಡ್ಡಿನವರನ್ನು ಅವನು ಮನುಷ್ಯರ ಲೆಕ್ಕಕ್ಕೆ ಹಿಡಿದವನೇ ಅಲ್ಲ.

"ಮತ್ತೆ ಹೇಗೆ ನುಡಿಸ್ತೀರಿ?" ಅಂತ ತುಟಿ ಬಿಡಿಸಿ ಕೇಳಿದೆ.

"ದಪ್ಪ ಸ್ವರ ಎದೆಗೆ ತಟ್ಟುತ್ತೆ, ಸದ್ದು ಇದೆ ಅಂತ ಗೊತ್ತಾಗುತ್ತೆ. ತಾಳಕ್ಕೆ ಡ್ರಮ್ಮಿನವನ ಕಾಲು ನೋಡ್ತೀನಿ. ಸ್ವರಕ್ಕೆ ಗೆರೆ ಇದೆಯಲ್ಲ. ಗೆರೆ ಸುಳ್ಳು ಹೇಳುತ್ತಾ?"

ಬಿಡಿ ತಂತಿಗಳ ಶ್ರುತಿಗೆ ಮಗಳು ಒಂದು ಪುಟ್ಟ ಯಂತ್ರ ಕೊಟ್ಟಿದ್ದಳು, ಸರಿಯಾದರೆ ಹಸಿರು ದೀಪ ಹತ್ತುತ್ತದೆ. ಗೆರೆಗಳನ್ನು ಅದರಲ್ಲಿ ಪರೀಕ್ಷಿಸಬಹುದಿತ್ತು. ತನ್ನ ಅಳತೆಯನ್ನು ಒಂದು ದೀಪ ಪರೀಕ್ಷೆ ಮಾಡುವುದು ಅರ್ಧನೂಲಿಗೆ ಅವಮಾನ.

ಗುಂಪಿನ ಜೊತೆ ಒಂದೇ ಸಲ ಅಭ್ಯಾಸಕ್ಕೆ ಕೂತ. ಅವತ್ತಿನ ಹಾಡುಗಳಿಗೆ ಮೇಲ್ತುದಿಯ ಹತ್ತಿರದ ಎರಡು ಮೂರು ಗೆರೆ ಸಾಕಿತ್ತು. ಅಲ್ಲಿ ವ್ಯತ್ಯಾಸ ಕಿವಿಗೆ ಬೀಳುವಷ್ಟಿರಲಿಲ್ಲ, ಕೆಳಗೆ ಇಳಿದಷ್ಟೂ ಹೆಚ್ಚು. ಮಗಳು ಅಪ್ಪನ ಭುಜಕ್ಕೆ ತಲೆ ಒರಗಿಸಿ ನಕ್ಕಳು. ಕೊನೆಯ ಹಾಡಿನ ಆರಂಭಕ್ಕೆ ಬಾಸ್ ಒಂದೇ, ಅದೂ ಕತ್ತಿನ ಕೆಳಭಾಗದಲ್ಲಿ. ಅದನ್ನು ಮನೆಯಲ್ಲೇ ಕಲಿತು ಬರುತ್ತೇನೆ, ನೀವೆಲ್ಲ ಅವತ್ತೇ ಕೇಳಿ ಅಂದ.

ಸಮಾರಂಭದ ಹಿಂದಿನ ದಿನ ಒಂದು ಚೌಕಟ್ಟು ನನ್ನ ಕೈಯಲ್ಲಿ ಅರ್ಧ ನೂಲು ತಪ್ಪಿತು. ಭಾವ ಮೆಷಿನ್ ನಿಲ್ಲಿಸಿದ. ಜನ ಸೇರಿದರು. ಅಪ್ಪನಿಗೆ ಊಟ ತಂದಿದ್ದ ಅಕ್ಕನ ಮಗಳೂ ಬಾಗಿಲಲ್ಲಿ ನಿಂತಿದ್ದಳು. ಭಾವ ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದು ನನ್ನ ಹಣೆಯ ಮೇಲೆ ಅಡ್ಡ ಗೆರೆ ಎಳೆದ. "ಇಷ್ಟು ತಪ್ಪಿದೀಯ. ಸಂಜೆವರೆಗೂ ಇದು ಇಲ್ಲೇ ಇರ್ಲಿ. ಒರೆಸ್ಕೊಂಡ್ರೆ ನಾಳೆಯಿಂದ ಬರ್ಬೇಡ."

ನನಗೆ ನಲವತ್ತೆರಡು ವರ್ಷ. ಹಣೆಯ ಮೇಲೆ ಗೆರೆ ಹೊತ್ತು ಸಂಜೆವರೆಗೆ ಹಲಗೆ ಹಿಡಿದೆ.

ಸಂಜೆ ಅವನ ಸಾಮಾನು ಸಾಗಿಸಲು ಮನೆಗೆ ಹೋದರೆ, ಚಪ್ಪರದಲ್ಲಿ ಸ್ಪೀಕರಿಗೆ ಹಾಕಿಕೊಂಡು ಕೊನೆಯ ಹಾಡು ನುಡಿಸುತ್ತಿದ್ದ. ಸ್ವರವೆಲ್ಲ ಕೆಳಕ್ಕೆ ಜೋತುಬಿದ್ದಿತ್ತು, ಹಲ್ಲು ಜುಮ್ಮೆನ್ನುವಷ್ಟು. ಅವನು ಸ್ನಾನಕ್ಕೆ ಹೋದಾಗ ಟೇಪು ಹಿಡಿದು ನೋಡಿದೆ. ಮೂವತ್ತೈದು ಇಂಚು. ಅವತ್ತು ನಾನು ಹೇಳಿದ್ದು ಅವನಿಗೆ ಕೇಳಿಸಿರಲೇ ಇಲ್ಲ. ರೂಢಿಯಂತೆ ಒಂದು ಕೂಡಿಸಿಬಿಟ್ಟಿದ್ದ. ನಾಲ್ಕು ಸ್ಕ್ರೂ ಬಿಚ್ಚಿ ಒಂದು ಇಂಚು ಸರಿಸಿದರೆ ಮುಗಿಯಿತು, ಕಾಲು ಗಂಟೆಯ ಕೆಲಸ. ಸ್ಕ್ರೂಡ್ರೈವರ್ ಅಲ್ಲೇ ಇತ್ತು.

ತಲೆ ಒರೆಸಿಕೊಳ್ಳುತ್ತ ಬಂದ ಭಾವ ಕೇಳಿದ, "ಹೇಗಿತ್ತು?" ಮೊದಲನೇ ಸಲ ನನ್ನ ಅಭಿಪ್ರಾಯ ಕೇಳಿದ್ದ. ನನ್ನ ತುಟಿಯನ್ನೇ ನೋಡುತ್ತಿದ್ದ.

"ತುಂಬಾ ಚೆನ್ನಾಗಿತ್ತು, ಭಾವ," ಅಂದೆ.

ಮರುದಿನ ಕಾರ್ಖಾನೆಯ ಅಂಗಳದಲ್ಲಿ ಇನ್ನೂರು ಕುರ್ಚಿ. ಮೊದಲ ಹಾಡುಗಳು ಹೇಗೋ ಸಾಗಿದವು. ಕೊನೆಯ ಹಾಡಿಗೆ ಭಾವ ಒಬ್ಬನೇ ಮುಂದೆ ಬಂದು ಶುರು ಮಾಡಿದ. ಎರಡನೇ ಸ್ವರಕ್ಕೇ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಗಳು ಹಾಡು ಎತ್ತಿಕೊಂಡಳು, ಅವಳ ಸ್ವರಕ್ಕೂ ಬಾಸಿಗೂ ಹೊಂದಲೇ ಇಲ್ಲ. ಒಂದು ಸಾಲು ಹಾಡಿ ನಿಲ್ಲಿಸಿದಳು. ಡ್ರಮ್ಮಿನವನು ಕೈ ಬಿಟ್ಟ. ಮುಂದಿನ ಸಾಲಿನಿಂದ ಮಾಲೀಕರು, "ಸ್ವಲ್ಪ ನಿಲ್ಸಪ್ಪ, ಶ್ರುತಿ ನೋಡ್ಕೋ," ಅಂದರು, ಎರಡು ಸಲ. ಭಾವನ ಕಣ್ಣು ಬಿಳಿ ಗೆರೆಗಳ ಮೇಲೆ. ಎಲ್ಲರೂ ನಿಂತ ಮೇಲೂ ಅವನೊಬ್ಬನೇ ನುಡಿಸುತ್ತಿದ್ದ, ಒಂದೊಂದು ಬೆರಳೂ ಗೆರೆಯ ಮೇಲೆ ಕರಾರುವಾಕ್ಕಾಗಿ.

ನಗು ಹಿಂದಿನ ಕುರ್ಚಿಗಳಿಂದ ಶುರುವಾಗಿ ಮುಂದಕ್ಕೆ ಬಂತು. ಹನ್ನೊಂದು ವರ್ಷ ಅವನಿಂದ ಉಗಿಸಿಕೊಂಡವರೆಲ್ಲ ಅಲ್ಲಿದ್ದರು. ನುಡಿಸಿ ಮುಗಿಸಿ ಭಾವ ತಲೆ ಎತ್ತಿದ. ನಗುವ ಮುಖಗಳನ್ನು ಕಂಡು ಜನ ಮೆಚ್ಚಿದರು ಅಂದುಕೊಂಡ. ತಾನೂ ನಕ್ಕು ಕೈ ಎತ್ತಿ ನಮಸ್ಕಾರ ಮಾಡಿದ. ಆಗ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಮಾಲೀಕರು ನಗಲಿಲ್ಲ. ವೇದಿಕೆ ಹತ್ತಿ, ಅವನ ಹಿಂದೆ ಹೋಗಿ, ತಲೆಯ ಹತ್ತಿರ ಚಪ್ಪಾಳೆ ತಟ್ಟಿದರು. ಭಾವ ತಿರುಗಲಿಲ್ಲ. ಮತ್ತೊಮ್ಮೆ ತಟ್ಟಿದರು. ಭಾವ ಇನ್ನೂ ಜನರಿಗೆ ಕೈ ಮುಗಿಯುತ್ತಿದ್ದ. ಅಂಗಳವೆಲ್ಲ ಗಪ್‌ಚಿಪ್ಪಾಯಿತು. ಆಮೇಲೆ ಅವನ ಕಣ್ಣು ಮಗಳ ಮೇಲೆ ಬಿತ್ತು.

"ಅಪ್ಪ, ನಿನಗೆ ಕೇಳಿಸ್ತಾನೇ ಇಲ್ವಾ?"

ಅದು ಅವನಿಗೆ ಅರ್ಥವಾಯಿತು. ಗಿಟಾರನ್ನು ಕುರ್ಚಿಗೆ ಒರಗಿಸಿಟ್ಟು ಇಳಿದು ಹೋದ.

ಮರುದಿನದಿಂದ ಭಾವ ಉಜ್ಜುವ ಶೆಡ್ಡಿಗೆ. ಮೆಷಿನ್ನಿಗೆ ನಾನು.

ಮುಂದಿನ ಭಾನುವಾರ ಕರೆಸಿದ. ಚಪ್ಪರದಲ್ಲಿ ಗಿಟಾರು ಅಂಗಾತ ಮಲಗಿತ್ತು. "ಒಂದರಿಂದ ಹಿಡಿ," ಅಂದ. ಹಿಡಿದೆ. ಕುದುರೆಯ ಹತ್ತಿರ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಮೂವತ್ತಾರು ಬರ್ತಿದೆ. ಅವತ್ತು ನೀನು ಎಲ್ಲಿಂದ ಹಿಡಿದಿದ್ದೆ?"

ತುದಿಯಿಂದ, ನಿಮಗೆ ಹೇಳಿದ್ದೆ, ಕೇಳಿಸಲಿಲ್ಲ ಅಂದರೆ ಸಾಕಿತ್ತು. ಅವನ ಕಿವಿಯದ್ದು ತಪ್ಪಾಗುತ್ತಿತ್ತು, ಕೈಯದ್ದಲ್ಲ. ಕಿವಿಯ ವಿಷಯ ಊರಿಗೆಲ್ಲ ಗೊತ್ತಾಗಿತ್ತು, ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ನನ್ನ ಹಣೆ ಉರಿಯಿತು. ಅವನು ಓದಲಿ ಅಂತ ನಿಧಾನವಾಗಿ ಹೇಳಿದೆ.

"ಒಂದರಿಂದಾನೇ ಹಿಡಿದಿದ್ದೆ, ಭಾವ. ನೀವು ಹೇಳ್ಕೊಟ್ಟ ಹಾಗೆ."

ಭಾವ ಟೇಪನ್ನು ಬಿಟ್ಟ, ಅದು ಸರ್ರನೆ ಒಳಕ್ಕೆ ಹೋಯಿತು. "ಹಾಗಾದ್ರೆ ನಾನೇ ಎರಡು ಸಲ ಕೂಡಿಸಿದ್ದೀನಿ. ಮೂರು ಸಲ ಅಳೆದು, ಮೂರು ಸಲಾನೂ." ಆಮೇಲೆ ಅಂದ, "ಕಿವಿ ಹೋಗಿದ್ದು ಗೊತ್ತಿತ್ತು. ತಲೆನೂ ಹೋಗಿರೋದು ಗೊತ್ತಿರ್ಲಿಲ್ಲ."

ಟೇಪನ್ನು ನನ್ನ ಕೈಗೆ ಕೊಟ್ಟ. ಇವತ್ತಿಗೂ ಅದು ನನ್ನ ಜೇಬಿನಲ್ಲಿದೆ.

ಆಮೇಲೆ ಭಾವ ಏನನ್ನೂ ಅಳೆದಿಲ್ಲ. ಬಾಗಿಲು ಹಾಕಿ, ಹಾಕಿದೆನಾ ಅಂತ ಅಕ್ಕನನ್ನು ಕೇಳುತ್ತಾನಂತೆ. ಮಾತ್ರೆ ನುಂಗಿ, ನುಂಗಿದೆನಾ ಅಂತ ಮಗಳನ್ನು ಕೇಳುತ್ತಾನಂತೆ. ಅವಳು ಕುದುರೆಯನ್ನು ತಾನೇ ಸರಿಸಿ ಕೂರಿಸಿದಳು. ಈಗ ಗಿಟಾರು ಸರಿಯಾಗಿ ನುಡಿಯುತ್ತದೆ, ಅವನು ಮುಟ್ಟುವುದಿಲ್ಲ. ನನಗೆ ನಾಚಿಕೆ ಇಲ್ಲವೇ ಅಂದರೆ, ಇದೆ. ಎಷ್ಟೋ ಸಲ ಹೇಳಿಬಿಡೋಣ ಅಂತಲೇ ಶೆಡ್ಡಿನ ಕಡೆ ಹೋಗಿದ್ದೇನೆ.

ಹೋದಾಗ ಭಾವ ಎದ್ದು ನಿಲ್ಲುತ್ತಾನೆ. ಉಜ್ಜಿದ ಹಲಗೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದು, "ಸರಿ ಇದೆಯಾ ನೋಡ್ತೀರಾ?" ಅಂತ ಕೇಳುತ್ತಾನೆ. ಈಗ ನನಗೆ ಬಹುವಚನ. ನಾನು ಬೆರಳು ಆಡಿಸಿ ನೋಡುತ್ತೇನೆ. ಅವನು ಉಜ್ಜಿದ್ದರಲ್ಲಿ ಹುಳುಕು ಹಿಡಿಯಲು ಇಡೀ ಕಾರ್ಖಾನೆಯಲ್ಲಿ ಯಾರಿಂದಲೂ ಆಗದು. ಅವನು ನನ್ನ ತುಟಿ ನೋಡುತ್ತ ಕಾಯುತ್ತಾನೆ.

"ಇನ್ನೊಂಚೂರು ಉಜ್ಜಿ, ಭಾವ," ಅನ್ನುತ್ತೇನೆ.

ಭಾವ ತಲೆಯಾಡಿಸಿ, ಕೂತು, ಮತ್ತೆ ಉಜ್ಜುತ್ತಾನೆ.