ಖಾಲಿ ಕೈಯ ವಾಕಿಂಗ್

ಅಕ್ಕೋಳದಲ್ಲಿ ನರ್ಸ್ ಆಗಿ ಕಂಡಕಂಡವರಿಗೆಲ್ಲ "ದಿನಾ ನಡೀರಿ" ಎಂದು ಹೇಳುತ್ತಿದ್ದ ನನಗೇ ಶುಗರ್ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೂಟು ಹಾಕಿಕೊಂಡು, ಬೆಳಿಗ್ಗೆ ನಿಪ್ಪಾಣಿ ರಸ್ತೆಯಲ್ಲಿ ನಡೆಯತೊಡಗಿದೆ.

ಒಂದು ದಿನ ಕಬ್ಬಿನ ಹೊಲದ ಹತ್ತಿರ ಬೈಕೊಂದು ಪಕ್ಕಕ್ಕೇ ಬಂದು ನಿಂತಿತು. ನಮ್ಮ ಓಣಿಯ ಹಿರಿಯರು, ಊರಿಗೆಲ್ಲ ಕಾಕಾ.

"ಎಲ್ಲಿಗೆ ಹೊಂಟೀರಿ ಸಿಸ್ಟರ?"

"ಎಲ್ಲಿಗೂ ಇಲ್ಲರಿ."

"ಹತ್ರಿ, ಬಿಡ್ತೇನಿ."

"ಎಲ್ಲಿಗೂ ಹೋಗದಾಕಿನ್ನ ಎಲ್ಲಿ ಬಿಡ್ತೀರಿ ಕಾಕಾ? ವಾಕಿಂಗ್ ಮಾಡಾಕತ್ತೇನಿ."

ಅವರು ನನ್ನ ಕೈಗಳನ್ನೇ ನೋಡಿ ದನಿ ತಗ್ಗಿಸಿದರು. "ಹೆಣ್ಣಮಕ್ಕಳು ಹಿಂಗ ಖಾಲಿ ಕೈ ಬೀಸ್ಕೋತ ಹೋದ್ರ ಚಂದ ಕಾಣಂಗಿಲ್ಲ. ಒಂದು ಹಾಲಿನ ಕ್ಯಾನರ ಹಿಡ್ಕೋರಿ, ಏನೋ ಕೆಲಸ ಐತಿ ಅಂತಾರ ಮಂದಿ. ನಿಮ್ಮನ್ನ ನೋಡಿ ನಮ್ಮ ಸೊಸಿನೂ ಹೋಗ್ತೇನಿ ಅಂತ ಕುಣ್ಯಾಕತ್ತಾಳ."

ನನಗೆ ಪಿತ್ತ ನೆತ್ತಿಗೇರಿತು. "ನೀವು ಸಂಜಿಮುಂದ ಕಟ್ಟಿ ಮ್ಯಾಲ ಕುಂತಾಗ ಕೈಯಾಗ ಏನ್ ಹಿಡ್ಕೊಂಡಿರ್ತೀರಿ ಕಾಕಾ?" ಎಂದು ಕೇಳಿ, ಇನ್ನೂ ಜೋರಾಗಿ ಕೈ ಬೀಸುತ್ತ ಹೊರಟುಬಿಟ್ಟೆ.

ಮರುದಿನ ಹಿಂದಿನಿಂದ ಕಾಕಾನ ಸೊಸೆ ಓಡಿಬಂದು ನನ್ನ ಜೋಡಿ ಹೆಜ್ಜೆ ಹಾಕಿದಳು. ಕೈಯಲ್ಲಿ ಕ್ಯಾನು. ಡೇರಿ ಬಂತು, ಹಿಂದೆ ಉಳಿಯಿತು, ಅವಳು ನಿಲ್ಲಲೇ ಇಲ್ಲ.

"ಹಾಲು ಹಾಕಂಗಿಲ್ಲೇನವಾ?"

"ಕ್ಯಾನ್ ಹಿಡ್ಕೊಂಡು ಹೋಗು ಅಂದಾರ್ರಿ ಮಾವಾರು. ಹಾಲಿನ ಸುದ್ದಿ ಎತ್ತಿಲ್ಲ," ಎನ್ನುತ್ತ ಅವಳು ಖಾಲಿ ಕ್ಯಾನನ್ನು ಭುಜದೆತ್ತರಕ್ಕೆ ಬೀಸಿದಳು.

ಈಗ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಐದಾರು ಖಾಲಿ ಕ್ಯಾನುಗಳು ವಾಕಿಂಗ್ ಹೋಗುತ್ತವೆ. ಎಲ್ಲಕ್ಕಿಂತ ಮುಂದೆ ನಾನು, ಕೈಯಲ್ಲಿ ಇನ್ನೂ ಏನೂ ಹಿಡಿಯದೆ.