ಶಿದ್ರಾಮನ ಕೊಸರು

ಅಳತೆ ಅಂದರೆ ಅದರ ಮೇಲೊಂದು ಕೊಸರು ಇರಲೇಬೇಕು, ಶಿದ್ರಾಮನ ಲೆಕ್ಕವೇ ಅದು. ಕುಲಗೋಡದ ಸಂತೆಯಲ್ಲಿ ಅವನವ್ವ ಭರಮವ್ವ ಜೋಳ ಅಳೆದು ಮಾರುತ್ತಿದ್ದಳು; ಸೇರು ತುಂಬಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕದೆ ಯಾರನ್ನೂ ಕಳಿಸಿದವಳಲ್ಲ. ಮಗ ಗೋಕಾಕದ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಸಿಪಾಯಿಯಾದರೂ ಆ ಕೈ ಬದಲಾಗಲಿಲ್ಲ. ಅವನು ಸುರಿದ ಚಹಾ ಕಪ್ಪಿನಿಂದ ಬಸಿಗೆ, ಬಸಿಯಿಂದ ನನ್ನ ಅಂಗಿಗೆ ಇಳಿಯುತ್ತಿತ್ತು. ಅಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ನಾನು ಬಿಳಿ ಅಂಗಿ ಹಾಕುವುದನ್ನೇ ಬಿಟ್ಟೆ.

೧೯೯೮ರಲ್ಲಿ ಕೆಮಿಸ್ಟ್ರಿಯ ತ್ರಿಶಲಾ ಮೇಡಂ ಪಿಎಚ್‌.ಡಿ. ಮಾಡುತ್ತಿದ್ದರು. ಗಾಜಿನ ಪಟ್ಟಿಯ ಮೇಲೆ ಒಂದು ಬಣ್ಣದ ಪದರು, ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪಾಲಿಮರ್, ಮೇಲೆ ಎಲೆಕ್ಟ್ರಾನು ಹಿಡಿಯುವ ಇನ್ನೊಂದು ಪದರು. ಬೆಳಕು ಬಿದ್ದರೆ ಬಣ್ಣದಿಂದ ಹೊರಟ ಎಲೆಕ್ಟ್ರಾನು ನಡುವಿನದನ್ನು ದಾಟಬೇಕು, ಮೀಟರಿನ ಮುಳ್ಳು ಏಳಬೇಕು. ಪದರು ಏರಿಸಲು ಪಟ್ಟಿಯನ್ನು ಬೀಕರುಗಳಲ್ಲಿ ಅದ್ದಿ ತೊಳೆಯುವ ಕೆಲಸ ಶಿದ್ರಾಮನದು; ಅದ್ದಿದಷ್ಟೂ ಪದರು ದಪ್ಪ. ಅವನ ಕೈ ನಡುಗುತ್ತಿರಲಿಲ್ಲ.

ಮೊದಲ ಪಟ್ಟಿಗೆ ಮುಳ್ಳು ತುಸು ಎದ್ದಿತು. ಎರಡನೆಯದಕ್ಕೆ ಇನ್ನೂ ಕಡಿಮೆ, ಮೂರನೆಯದಕ್ಕೆ ಅಲುಗಿತೋ ಇಲ್ಲವೋ. ಶನಿವಾರ ಧಾರವಾಡದಿಂದ ಗೈಡ್ ಬರುವವರಿದ್ದರು. ತೋರಿಸಲು ಏನೂ ಇಲ್ಲದಿದ್ದರೆ ಮೂರು ವರ್ಷದ ವಿಷಯವನ್ನೇ ಕೈಬಿಡಬೇಕು. ಶುಕ್ರವಾರ ಮಧ್ಯಾಹ್ನ ನಾನು ಲ್ಯಾಬಿಗೆ ಹೋದಾಗ ಮೇಡಂ ಅತ್ತೇಬಿಟ್ಟರು.

“ಬಾಯಾರ, ತಪ್ಪು ನಂದೈತ್ರಿ,” ಅಂದ ಶಿದ್ರಾಮ. “ಇಷ್ಟ್ ತೆಳ್ಳಗಿದ್ರ ಹ್ಯಾಂಗ ತಾಳ್ತೈತಿ ಅಂತ, ನಡುವಿನ ಪದರಕ್ಕ ನೀವು ಹೇಳಿದ್ದಕ್ಕಿಂತ ಒಂದ್ ಸಲ ಹೆಚ್ಚಿಗಿ ಅದ್ದೀನ್ರಿ. ಕೊಸರು.”

“ಮೂರು ವರ್ಷ, ಶಿದ್ರಾಮಣ್ಣ!” ಮೇಡಂ ಸಿಟ್ಟಿನಿಂದ ಎದ್ದವರು ಅಲ್ಲೇ ನಿಂತರು. “ಎಲ್ಲಾದಕ್ಕೂ ಒಂದ ಸಲ ಏನು?”

“ಇಲ್ರಿ. ಮುಳ್ಳು ಏಳಲಿಲ್ಲಂತ ನೀವು ಮಾರಿ ಸಣ್ಣ ಮಾಡಿದ್ರಿ, ನನಗ ತಾಳಲಿಲ್ಲ. ಎರಡನೇದಕ್ಕ ಎರಡು, ಮೂರನೇದಕ್ಕ ಮೂರು ಹಾಕೀನ್ರಿ.”

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು ಗ್ರಾಫ್ ಹಾಳೆ ತೆಗೆದರು. ಮೂರು ಚುಕ್ಕೆಗಳು ಒಂದರ ಕೆಳಗೊಂದು ಸಾಲಾಗಿ ಇಳಿದವು. ನಡುವಿನ ದೂರ ಹೆಚ್ಚಿದಷ್ಟೂ ದಾಟುವ ಎಲೆಕ್ಟ್ರಾನು ಕಡಿಮೆ! ತೋರಿಸಲು ಫಲಿತಾಂಶ ಸಿಕ್ಕಿತ್ತು, ನಾನಂತೂ ಕುಣಿದೆ.

ಶನಿವಾರ ಗೈಡ್ ಹಾಳೆ ನೋಡಿ, ಕೊಸರಿನ ಕಥೆ ಕೇಳಿ ತಲೆದೂಗಿ, “ಕೊಸರಿಲ್ಲದ ಪಟ್ಟಿ ಎಲ್ರಿ?” ಅಂದರು. ಶಿದ್ರಾಮ ಎಲ್ಲರೆದುರು ಹೊಸದೊಂದನ್ನು ಅದ್ದಿದ. ನಡುವಿನ ಪದರು ಮುಗಿದ ಮೇಲೂ ಅವನ ಬಲಗೈ ತಾನಾಗಿಯೇ ಬೀಕರಿನತ್ತ ಹೊರಟಿತು. ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿಕೊಂಡ. ಪದರುಗಳೆಲ್ಲ ಮುಗಿದು ದೀಪ ಹಚ್ಚಿದಾಗ ಮುಳ್ಳು ಮೀಟರಿನ ತುದಿಗೆ ಹೋಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮುಖ ಮಾತ್ರ ಸಪ್ಪಗಿತ್ತು. “ಇದೊಂದನ್ನ ಜಿಪುಣಗೈಲೆ ಕೊಟ್ಟಂಗಾತ್ರಿ, ಬಾಯಾರ,” ಅಂದ.

ಚಹಾ ಬಂದಾಗ ತ್ರಿಶಲಾ ಮೇಡಂ ಅವನ ಕಪ್ಪಿಗೆ ತಾವೇ ಸುರಿದರು, ಬಸಿ ತುಂಬುವ ತನಕ.